ದೆವ್ವಕ್ಕೆ ‘ಬರ್ರಿ’ ಅಂದ ಸಮದಜ್ಜ

ಬೆಳಗಾವಿಯ ಖಡೇಬಜಾರದಲ್ಲಿ ಸಮದಜ್ಜ ನಲವತ್ತೊಂದು ವರ್ಷ ದುಡಿದದ್ದು ಬಾಯಿಂದ. ಸೀರೆ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು ಹೋಗಿಬರುವ ಹೆಣ್ಣುಮಕ್ಕಳನ್ನು ಒಳಗೆ ಕರೆಯುವುದು ಅವನ ಕೆಲಸ. ನಡಿಗೆ ನೋಡಿಯೇ ಯಾವ ಭಾಷೆಯವರೆಂದು ಹೇಳುತ್ತಿದ್ದ. ‘ಬರ್ರಿ ಅಕ್ಕಾರ’, ‘ಯಾ ವಹಿನಿ’, ‘ಆವೋ ಆಪಾ’. ಬಟ್ಟೆ ಅಳೆಯಲು ಬಾರದು, ಬಿಲ್ಲು ಬರೆಯಲು ಬಾರದು. ಮಾಲೀಕರು ಎರಡನ್ನೂ ಒಂದೊಂದು ದಿನ ಮಾಡಿಸಿ ನೋಡಿ, ಕೈಮುಗಿದು ಮತ್ತೆ ಮೆಟ್ಟಿಲಿಗೆ ಕಳಿಸಿದರೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಗಾಳಿ ಸರಿಯಾಗಿ ಬೀಸಿದ ಒಂದು ದಿನ ತನ್ನ ಕೂಗು ಖಾನಾಪುರ ದಾಟಿ ಗುಂಜಿಗೆ ಮುಟ್ಟಿ, ಗೋವಾಕ್ಕೆ ಹೊರಟಿದ್ದ ಬೀಗರ ಗುಂಪು ರೈಲಿನಿಂದ ಇಳಿದು ವಾಪಸ್ ಬಂದು ಹನ್ನೊಂದು ಸೀರೆ ಕೊಂಡಿತಂತೆ. ಇದರಲ್ಲಿ ಹತ್ತು ಸೀರೆ ಕಳೆದು, ರೈಲನ್ನೂ ಕಳೆದು, ಉಳಿದದ್ದನ್ನು ನಂಬಬೇಕು.

ಕೆಲಸ ಬಿಟ್ಟು ಖಾನಾಪುರದ ಮನೆ ಸೇರಿದ ಮೇಲೆ ಕರೆಯಲು ಯಾರೂ ಉಳಿಯಲಿಲ್ಲ. ಹೆಂಡತಿ ಮದರಬೀಯನ್ನು ಎಷ್ಟೆಂದು ಕರೆಯುವುದು? ಆಗ ಬಂದಳು ಪದ್ಮಶ್ರೀ ಎಂಬ ನಿರ್ದೇಶಕಿ. ಟೀವಿಗೆ ದೆವ್ವದ ಧಾರಾವಾಹಿ ಮಾಡಲು ಗುಂಜಿಯ ಸ್ಟೇಷನ್ನಿನ ಹತ್ತಿರ ಹಳೆಯ ಮನೆಯೊಂದನ್ನು ಹಿಡಿದಿದ್ದಳು. ಚಹಾದಂಗಡಿಯಲ್ಲಿ ಬೀಗರ ಕಥೆ ಬಿಡುತ್ತಿದ್ದ ಸಮದಜ್ಜನ ಗುಳಿಬಿದ್ದ ಕೆನ್ನೆ ಅವಳಿಗೆ ಹಿಡಿಸಿಬಿಟ್ಟಿತು.

“ನಿಮ್ಮ ಮಾರಿ ಮ್ಯಾಲೆ ನೆರಳು ಭಾಳ ಚಲೋ ಬೀಳ್ತದ್ರಿ ಅಜ್ಜಾರ. ಹತ್ತು ಕಂತಿನ ಪಾತ್ರ ಐತಿ, ಮಾಡ್ತೀರೇನು?”

ಮಾಡದೇ ಇರುತ್ತಾನೆಯೇ! ಮರುದಿನವೇ ಬಸ್ಸು ಹತ್ತಿ ಬಜಾರಕ್ಕೆ ಹೋಗಿ ಅಂಗಡಿ ಅಂಗಡಿಗೂ ಸುದ್ದಿ ಮುಟ್ಟಿಸಿದ. ಎಲ್ಲರೂ ಬೀಗರ ಕಥೆ ಕೇಳಿದ ಹಾಗೆಯೇ ಕೇಳಿ ನಕ್ಕರು. ಸಮದಜ್ಜನಿಗೆ ಮೊದಲ ಬಾರಿ ಚುರುಕ್ಕೆಂದಿತು. ಎಪ್ಪತ್ತೊಂದು ವರ್ಷಕ್ಕೆ ಬಾಯಿಂದ ಬಂದ ಒಂದು ಖರೇ ಮಾತು, ಅದಕ್ಕೂ ನಗುತ್ತಾರಲ್ಲ! ಏನೇ ಆಗಲಿ, ಟೀವಿಯಲ್ಲಿ ಮುಖ ತೋರಿಸಲೇಬೇಕೆಂದುಕೊಂಡ.

ಶೂಟಿಂಗಿಗೆ ಹೊರಟ ದಿನ ಮದರಬೀ, ಗಂಡನ ಪಾರಿಶ್ವಾಡದ ಗೆಳೆಯ ತಮ್ಮಣ್ಣನನ್ನು ಜೊತೆಗೆ ಕಳಿಸಿದಳು. “ಇವ್ರು ಬಂದ್ ಏನೇನ್ ಹೇಳ್ತಾರೋ. ನೀವು ಸಾಕ್ಷಿಗೆ ಹೋಗ್ರಿ ಅಣ್ಣಾರ.”

ಗುಂಜಿಯಲ್ಲಿ ಮಟಮಟ ಮಧ್ಯಾಹ್ನ. ಮನೆಗೆಲ್ಲ ಕರಿ ಬಟ್ಟೆ ಹೊದಿಸಿ ಒಳಗೆ ರಾತ್ರಿ ಮಾಡಿದ್ದರು. ಕಿಟಕಿಗೆ ಮರದ ಪಟ್ಟಿ ಬಡಿದು ಹಿಂದಿನಿಂದ ದೀಪ ಬಿಟ್ಟಿದ್ದರಿಂದ ಗೋಡೆಯ ಮೇಲೆಲ್ಲ ಗೆರೆಗೆರೆ ನೆರಳು. ಹೊಗೆ ಬೇರೆ. ಸಮದಜ್ಜನಿಗೆ ಉದ್ದನೆಯ ಕೋಟು ತೊಡಿಸಿ ಅರ್ಧ ಮುಖ ಬೆಳಕಿಗೆ, ಅರ್ಧ ಮುಖ ಕತ್ತಲಿಗೆ ಬರುವಂತೆ ಕುರ್ಚಿಯಲ್ಲಿ ಕೂರಿಸಿದರು.

“ಈ ಕಥಿಯಾಗ ಒಳ್ಳೆಯವ್ರು ಯಾರೂ ಇಲ್ರಿ,” ಎಂದಳು ಪದ್ಮಶ್ರೀ. “ಎಲ್ಲಾರ ಕೈಯಾಗೂ ಒಂದೊಂದು ಪಾಪ. ನೀವು ಸುಳ್ಳು ಸಾಕ್ಷಿ ಹೇಳಿ ಒಬ್ಬಾಕಿ ಜೀವಾ ತಗದವ್ರು. ಸುಳ್ಳು ಹೇಳವ್ರಂಗ ಕಾಣ್ಬೇಕು, ಆಗ್ತದೇನ್ರಿ?”

“ಅದಕ್ಕ ತಾಲೀಮು ಬ್ಯಾಡ್ರಿ,” ಎಂದ ಮೂಲೆಯಲ್ಲಿದ್ದ ತಮ್ಮಣ್ಣ.

“ಸತ್ತಾಕಿ ದಿನಾ ಬಾಗಿಲಿಗೆ ಬರ್ತಾಳ,” ಎಂದು ಮುಂದುವರಿಸಿದಳು ಪದ್ಮಶ್ರೀ. “ಕರದ್ರ ಅಷ್ಟ ಆಕಿ ಹೊಸ್ತಿಲಾ ದಾಟಬಹುದು, ದಾಟಿದ್ರ ನೀವು ಸತ್ರಿ. ನೀವು ಕರಿಯಂಗಿಲ್ಲ. ಆಕಿ ನಿಂತು ನೋಡಿ ಹೋಗ್ತಾಳ. ಹತ್ತೂ ಕಂತಿನಾಗ ಇದ ನಡಿತದ. ಬಾಯಿ ಮುಚ್ಕೊಂಡು ಕುಂದರ್ರಿ, ಅಷ್ಟ.”

ಅಷ್ಟೇ! ಬಾಗಿಲು ಕಿರ್ರೆಂದಿತು. ದೆವ್ವದ ಪಾತ್ರದ ಮೇಘಾ ತೊಯ್ದ ಸೀರೆಯುಟ್ಟು, ಕೂದಲು ಬಿಟ್ಟುಕೊಂಡು ನಿಂತಳು.

“ಬರ್ರಿ ಅಕ್ಕಾರ, ಒಳಗ ಬರ್ರಿ!”

“ಕಟ್!”

ಸಮದಜ್ಜ ಕಿವಿ ಹಿಡಿದುಕೊಂಡ. ಎರಡನೇ ಸಲ ತುಟಿ ಕಚ್ಚಿ ಕುಳಿತ. ಮಾತು ಬರಲಿಲ್ಲ, ಕೈ ಮಾತ್ರ ತಾನಾಗಿಯೇ ಬಾಜೂಕಿನ ಸ್ಟೂಲನ್ನು ಎಳೆದು, ಕೋಟಿನ ತೋಳಿನಿಂದ ಒರೆಸಿ, ದೆವ್ವದ ಕಡೆ ಸರಿಸಿತು. ಮೇಘಾ ಕೂದಲ ಮರೆಯಲ್ಲೇ ಕಿಸಕ್ಕೆಂದಳು.

“ಕೈನಾದ್ರೂ ಕಟ್ಟಿ ಹಾಕ್ರಿ ನಂದು,” ಎಂದ ಸಮದಜ್ಜ. “ಇದು ನನ್ನ ಮಾತು ಕೇಳಿದ್ದು ಎಂದೂ ಇಲ್ಲ.”

ಕೋಟಿನೊಳಗೆ ಕೈ ಕಟ್ಟಿದರು. ಮೂರನೇ ಸಲ ಬಾಯಿಯೂ ಸುಮ್ಮನೆ, ಕೈಯೂ ಸುಮ್ಮನೆ. ಹತ್ತು ಎಣಿಸುವಷ್ಟು ಹೊತ್ತು, ಇಪ್ಪತ್ತು ಎಣಿಸುವಷ್ಟು ಹೊತ್ತು. ಬರೆದಿದ್ದಂತೆ ಮೇಘಾ ಬೆನ್ನು ತಿರುಗಿಸಿ ಹೊರಟಳು. ಬಾಗಿಲ ತನಕ ಬಂದ ಗಿರಾಕಿ ಬೆನ್ನು ತಿರುಗಿಸುವುದೇ! ಸಮದಜ್ಜನ ಹೊಟ್ಟೆಯೊಳಗಿಂದ ಖಡೇಬಜಾರವೇ ಎದ್ದು ಬಂತು.

“ಅಕ್ಕಾರ! ಯಾಕ್ ಹೊಂಟ್ರಿ? ತಗೊಳ್ಳೂದ್ ಬ್ಯಾಡ, ಬರೇ ನೋಡಿ ಹೋಗ್ರಿ!”

ಪದ್ಮಶ್ರೀ ತಲೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. “ಅಜ್ಜಾರ, ಇನ್ನೊಂದು ಸಲ ನೋಡೂಣು. ತಪ್ಪಿದ್ರ ನಿಮ್ಮನ್ನ ಪೂರಾ ತಗದ್ ಬಿಡ್ತೀನಿ. ಇಲ್ಲಾಂದ್ರ ಈಗ ಕರದ್ರಲ್ಲ, ಅದನ್ನ ಇಟ್ಕೋತೀನಿ. ಆಕಿ ಒಳಗ ಬರ್ತಾಳ, ನೀವು ಮೊದಲನೇ ಕಂತಿಗೇ ಸಾಯ್ತೀರಿ.”

ಸಮದಜ್ಜ ಗೆಳೆಯನನ್ನು ನೋಡಿದ. “ತಮ್ಮಣ್ಣ, ಹತ್ತು ಕಂತು ಸುಮ್ಮನ ಕುಂದ್ರಾಕ ಆಗ್ತದೇನೋ ನನಗ?”

“ಹತ್ತು ಉಸರು ಆಗೂದಿಲ್ಲ ನಿನಗ.”

“ಒಂದ್ ಕಂತಂದ್ರೂ ಟೀವಿಯಾಗ ಬಂದಂಗ ಅಲ್ಲ?”

“ಬಂದಂಗ. ಸುಳ್ಳಲ್ಲ.”

“ಹಂಗಾರ ಸಾಯ್ತೇನ್ರಿ ಬಾಯಾರ,” ಎಂದ ಸಮದಜ್ಜ. “ಬಜಾರದವ್ರಿಗೆ ನನ್ನ ಒಂದ್ ಖರೇ ಮಾತ ಸಾಕು. ಹತ್ತು ತಡಕೊಳ್ಳೂದಿಲ್ಲ ಅವ್ರು.”

ಕ್ಯಾಮೆರಾ ಮತ್ತೆ ಶುರುವಾಯಿತು. ಮೇಘಾ ಹೊಸ್ತಿಲು ದಾಟಿ, ಗೆರೆಗೆರೆ ನೆರಳಿನಲ್ಲಿ ಹಾದು ಬಂದು ಅವನೆದುರಿನ ಸ್ಟೂಲಿನ ಮೇಲೆ ಕುಳಿತಳು. “ಹೆದರ್ರಿ, ಹೆದರ್ರಿ,” ಎಂದು ಪದ್ಮಶ್ರೀ ಕೈಸನ್ನೆ ಮಾಡಿದಳು. ಹೇಗೆ ಹೆದರುವುದು? ನಲವತ್ತೊಂದು ವರ್ಷ ಕರೆದವನು ಇವನು. ಒಳಗೆ ಬಂದವರೆದುರು ಕುಳಿತು ಮಾತಾಡಿದವರೆಲ್ಲ ಬೇರೆಯವರು. ಕರೆದವಳು ಬಂದು ಮುಂದೆ ಕುಳಿತದ್ದು ಇದೇ ಮೊದಲು. ಅರ್ಧ ಬೆಳಕಿನ ಮುಖ ಅರಳಿತು.

“ಏನ್ ತೋರಿಸ್ಲಿ ಅಕ್ಕಾರ?” ಎಂದ, ಮೆತ್ತಗೆ.

ಪದ್ಮಶ್ರೀ ಕಟ್ ಅನ್ನಲಿಲ್ಲ. ಮೇಘಾ ಎರಡೂ ಕೈ ಚಾಚಿ ಅವನ ಕುತ್ತಿಗೆ ಹಿಡಿದಳು. ಸಮದಜ್ಜ ಕುರ್ಚಿಯಿಂದ ಜಾರಿ, ನೆಲಕ್ಕೆ ಬಿದ್ದು, ಒಮ್ಮೆ ಸತ್ತು, ಎದ್ದು ನರಳಿ, ಮತ್ತೊಮ್ಮೆ ಸತ್ತ.

“ಏಳ್ರಿ ಅಜ್ಜಾರ, ಆತು, ಮುಗೀತು,” ಎಂದಳು ಪದ್ಮಶ್ರೀ.

ಹೆಣ ಒಂದು ಕಣ್ಣು ತೆರೆಯಿತು. “ಇರ್ರಿ. ಸಿಕ್ಕಿದ್ದ ಒಂದ್ ಕಂತು, ನಿದಾನಕ್ಕ ಸಾಯ್ತೇನಿ.”