ಬೆಳಕಿನ ನೂಕು ಮತ್ತು ಲ್ಯಾಬ್ ಅಣ್ಣ

ಬ್ಯಾಟರಿಯ ಆಸಿಡ್ ಬಿದ್ದು ಅವರ ಬಲಗೈ ಹೆಬ್ಬೆರಳ ಉಗುರು ಕಂದುಬಣ್ಣಕ್ಕೆ ತಿರುಗಿತ್ತು. ಸುಮ್ಮನೆ ಕೂತಾಗ ಸಣ್ಣಗೆ ನಡುಗುವ ಆ ಕೈ, ಚಿಮಟದಲ್ಲಿ ತೂಕದ ಬಿಲ್ಲೆ ಎತ್ತಿದೊಡನೆ ನಿಶ್ಚಲವಾಗುತ್ತಿತ್ತು. ಅರಸೀಕೆರೆಯ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ಅವರು. ದಿನಾ ಜಾವಗಲ್‌ನಿಂದ ಮೊದಲ ಬಸ್ಸಿಗೆ ಬಂದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಒರೆಸುತ್ತಿದ್ದರು. ನಮಗೆಲ್ಲ ಲ್ಯಾಬ್ ಅಣ್ಣ.

ಒಂದು ಸಂಜೆ ಹಳೇಬೀಡಿನ ಬಸ್ಸು ತಪ್ಪೀತೆಂಬ ಅವಸರದಲ್ಲಿ ನಾನು ಒಂದೇ ಸಲ ತೂಗಿ, ಐದು ಸಲ ತೂಗಿದಂತೆ ಬರೆದೆ. ಅವರು ಪುಸ್ತಕ ನೋಡಿದರು.

"ಐದೂ ಒಂದೇ ಬಂದೈತಲ್ಲ ಕಣವ್ವ. ಗಾಳಿನೇ ಆಡಲಿಲ್ವಾ?"

ಅವರು ಮೇಷ್ಟರಿಗೆ ಹೇಳಲಿಲ್ಲ. ಸ್ಟೂಲ್ ಎಳೆದು ಕೂರಿಸಿ, "ಬಂದಿದ್ದು ಬರಿ. ಬರಬೇಕಾದ್ದು ಬರೀಬೇಡ" ಎಂದರು. ಐದು ಸಲ ತೂಗಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ದಾರಿಯಲ್ಲಿ ಸಿಗುವ ಜಾವಗಲ್‌ಗೆ ಅವರು ಹೋಗಬೇಕಿದ್ದದ್ದೂ ಅದೇ ಬಸ್ಸಿಗೆ.

ವರ್ಷಗಳ ನಂತರ ಲೇಸರ್ ಶಕ್ತಿ ಅಳೆಯುವ ಸಂಶೋಧನೆಗೆ ಸೇರಿದೆ. ಕಬ್ಬಿಣ ಕೊಯ್ಯುವ ಲೇಸರನ್ನು ಸಾಮಾನ್ಯ ಮೀಟರಿನಿಂದ ಅಳೆದರೆ ಬೆಳಕನ್ನೆಲ್ಲ ಮೀಟರೇ ಹೀರಿಕೊಳ್ಳುತ್ತದೆ, ಕೆಲಸಕ್ಕೆ ಉಳಿಯುವುದಿಲ್ಲ. ನಮ್ಮದು ಹೆಬ್ಬೆರಳಿನಗಲದ ಸೆನ್ಸರ್, ಸ್ಪ್ರಿಂಗಿನ ಮೇಲೊಂದು ಕನ್ನಡಿ. ಬೆಳಕು ಕನ್ನಡಿಗೆ ಬಡಿದು ತಿರುಗಿ ಹೋಗುವಾಗ ಅದನ್ನು ತುಸುವೇ ನೂಕುತ್ತದೆ. ಆ ನೂಕಿನಿಂದ ಶಕ್ತಿಯನ್ನು ಲೆಕ್ಕ ಹಾಕುತ್ತೇವೆ.

ಒಪ್ಪಿಗೆ ಕೊಡಬೇಕಿದ್ದ ತಜ್ಞರಿಗೆ ಸೆನ್ಸರ್ ತೋರಿಸುವ ಹಿಂದಿನ ದಿನ, ಬೆಳಗಿನ ರೀಡಿಂಗಿಗೂ ಮಧ್ಯಾಹ್ನದ್ದಕ್ಕೂ ತಾಳೆಯಾಗಲಿಲ್ಲ. "ಮಧ್ಯಾಹ್ನದ್ದು ಬಿಟ್ಟುಬಿಡಿ" ಎಂದರು ಹಿರಿಯ ಸಹೋದ್ಯೋಗಿ. ಬಿಡಲು ಮನಸ್ಸು ಬರಲಿಲ್ಲ. ಎರಡನ್ನೂ ತೋರಿಸಿದೆ. ಒಪ್ಪಿಗೆ ಮುಂದಕ್ಕೆ ಹೋಯಿತು, ಬೈಸಿಕೊಂಡೆ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಕನ್ನಡಿ ಬಿಸಿಯಾಗಿ ಸ್ಪ್ರಿಂಗಿನ ಬಿಗಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತಿತ್ತು. ಅದನ್ನು ಸರಿಪಡಿಸಿದ ಮೇಲೆಯೇ ಸೆನ್ಸರನ್ನು ನಂಬುವಂತಾಯಿತು.

ಈ ಸುದ್ದಿ ಹೇಳಲೆಂದೇ ಜಾವಗಲ್‌ಗೆ ಹೋದೆ. ನಿವೃತ್ತರಾಗಿದ್ದ ಅವರು ಜಗಲಿಯ ಮೇಲೆ ಕೂತಿದ್ದರು.

"ಬೆಳಕು ನೂಕ್ತದಾ? ಹಂಗಾದ್ರೆ ಈ ಬಿಸ್ಲೂ ನನ್ನ ನೂಕ್ತಾ ಐತೆ ಅನ್ನು!"

"ಹೂಂ ಅಣ್ಣ. ನಮಗೆ ಗೊತ್ತಾಗಲ್ಲ ಅಷ್ಟೆ."

ಅಂಗೈಯನ್ನು ಬಿಸಿಲಿಗೆ ಚಾಚಿ ಬಹಳ ಹೊತ್ತು ನೋಡಿದರು.

ಹೋದ ವರ್ಷ ತೀರಿಕೊಂಡರು. "'ನಮ್ ಹುಡುಗಿ ಬೆಳಕು ತೂಗ್ತಾಳೆ' ಅಂತ ಅಪ್ಪ ಬಸ್ ಸ್ಟ್ಯಾಂಡಲ್ಲೆಲ್ಲ ಹೇಳ್ಕೊಂಡು ಬಂದಿದ್ರು" ಎಂದರು ಅವರ ಮಗಳು. ಕಲಿಸಿದ್ದು ತಾನು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲವಂತೆ. ಅದನ್ನು ನಾನು ಹೇಳಬೇಕಾಗಿತ್ತು, ಹೇಳುತ್ತಿದ್ದೇನೆ.