ಇಪ್ಪತ್ತೇಳನೇ ನಿಮಿಷಕ್ಕೆ ನಿಂತ ಕ್ಲಾಸು

ಒಂದು ಮಂಚವಿತ್ತಂತೆ. ಅದಕ್ಕೆ ಓಡುವ ಚಟ. ಹಗ್ಗ ಬಿಗಿದಿದ್ದರೆ ಸಾಧು ಹಸುವಿನ ಹಾಗೆ ನಿಂತಿರುತ್ತಿತ್ತಂತೆ. ಬಿಚ್ಚಿದರೆ ಮಲಗಿದವರನ್ನೂ ಹೊತ್ತುಕೊಂಡು ಏಳು ಬೆಟ್ಟ ದಾಟಿಬಿಡುತ್ತಿತ್ತಂತೆ. ಅದನ್ನು ಕಾಯಲು ಇಬ್ಬರು ಅಕ್ಕತಂಗಿಯರು. ಒಂದು ದಿನ ತಂಗಿ ಮೈಮರೆತಳಂತೆ... ಇಲ್ಲಿಗೆ ಬಂದಾಗ ನನ್ನ ಅಜ್ಜಿ ಕಥೆ ನಿಲ್ಲಿಸಿ, "ಹೂಂ ಅನ್ನು, ಇಲ್ದಿದ್ರೆ ಮುಂದೆ ಹೇಳಲ್ಲ" ಎನ್ನುತ್ತಿದ್ದಳು. ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಆ ಕಥೆಯ ಕೊನೆ ನನಗೆ ಗೊತ್ತಿಲ್ಲ.

ಆದರೆ ಮಂಚವನ್ನು ನೋಡಿದ್ದೇನೆ. ಒಂದಲ್ಲ, ಎಂಟು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಬೆಳಗಿನ ಐದೂವರೆಗೆ, ದೀಪ ಹಾಕುವ ಮೊದಲೇ, ನಲವತ್ತೆಂಟರ ಹೆಂಗಸೊಬ್ಬರು ಮಂಚದಿಂದ ಮಂಚಕ್ಕೆ ಮಂಡಿಯೂರಿಕೊಂಡು ಹೋಗುತ್ತಿದ್ದಾರೆ. ಪ್ರತಿ ಮಂಚದ ಕಾಲ್ಬದಿಯಲ್ಲಿ ಐದು ಸ್ಪ್ರಿಂಗ್. ಒಂದೊಂದನ್ನೂ ಎಳೆದು, ಕೊಕ್ಕೆಗೆ ಸಿಕ್ಕಿಸಿ, ಕಿವಿ ಹತ್ತಿರ ತಂದು ಕೇಳುತ್ತಾರೆ. ಟಕ್. ಸರಿ. ಮುಂದಿನದು. ಟಕ್. ನಲವತ್ತು ಸಲ.

ಇದು ಪಿಲಾಟೀಸ್ ಕಲಿಸುವ ಕೋಣೆ. ಮಂಚದಂಥ ಈ ಯಂತ್ರಕ್ಕೆ ರಿಫಾರ್ಮರ್ ಎಂದು ಹೆಸರು. ಚೌಕಟ್ಟಿನ ಒಳಗೆ ಚಕ್ರದ ಮೇಲೆ ಜಾರುವ ಹಲಗೆ. ಅದನ್ನು ಹಿಡಿದಿಡುವುದು ಸ್ಪ್ರಿಂಗ್‌ಗಳು. ಕೆಂಪು ಗಟ್ಟಿ, ನೀಲಿ ಮಧ್ಯಮ, ಹಳದಿ ಹಗುರ. ಮಲಗಿ, ಕೂತು, ನಿಂತು ಹಲಗೆಯನ್ನು ತಳ್ಳುವುದೂ ಎಳೆಯುವುದೂ ಇಲ್ಲಿಯ ವ್ಯಾಯಾಮ. ಎಲ್ಲರೂ 'ಟೀಚರಮ್ಮ' ಎಂದು ಕರೆಯುವ ಇವರು ಹದಿನೇಳು ವರ್ಷದಿಂದ ಇದನ್ನೇ ಕಲಿಸುತ್ತಿದ್ದಾರೆ. ದಿನಕ್ಕೆ ಐದು ಕ್ಲಾಸು, ಕ್ಲಾಸಿಗೆ ಎಂಟು ಜನ. ಅವರ ಲೆಕ್ಕದಲ್ಲಿ ಅದು ನಲವತ್ತು ಬೆನ್ನು.

ಬೆನ್ನುಗಳಿಗೆ ಕಾಣುವುದು ಐವತ್ತು ನಿಮಿಷದ ಕ್ಲಾಸು ಮಾತ್ರ. ಅದರ ಹಿಂದಿನ, ಯಾವಾಗ ಯಾವ ವ್ಯಾಯಾಮ ಎಂದು ಬರೆದಿಟ್ಟ ಹಾಳೆ ಯಾರಿಗೂ ಕಾಣುವುದಿಲ್ಲ. ಹೊಸಬರು ಮತ್ತು ಅರ್ಧ ಕಲಿತವರು ಒಟ್ಟಿಗೆ ಬರುವ ಶನಿವಾರದ ಕ್ಲಾಸಿಗೆ ಹಾಳೆ ಬರೆಯುವುದೇ ಎಲ್ಲಕ್ಕಿಂತ ಕಷ್ಟವಂತೆ. ಪ್ರತಿ ವ್ಯಾಯಾಮಕ್ಕೂ ಸುಲಭದ್ದೊಂದು, ಕಷ್ಟದ್ದೊಂದು, ಎರಡು ಮೆಟ್ಟಿಲು ಬೇಕು. ಕೆಳಗಿನವರಿಗೆ ಅವಮಾನ ಆಗಬಾರದು, ಮೇಲಿನವರಿಗೆ ಆಕಳಿಕೆ ಬರಬಾರದು.

"ಮಲಗಿ ಕಾಲಲ್ಲಿ ತಳ್ಳೋವಾಗ ಸ್ಪ್ರಿಂಗ್ ಜಾಸ್ತಿ ಇದ್ರೆ ಕಷ್ಟ" ಎಂದು ವಿವರಿಸುತ್ತಾರೆ. "ಅದೇ, ಕೈಯೂರಿ ಮೈಯನ್ನ ನೆಟ್ಟಗೆ ಹಿಡಿಯೋವಾಗ ಸ್ಪ್ರಿಂಗ್ ಕಮ್ಮಿ ಇದ್ರೆ ಕಷ್ಟ. ಹೊಸಬರು ಬಂದ ಕೂಡ್ಲೇ 'ಭಾರ ಕಮ್ಮಿ ಮಾಡಿ ಟೀಚರಮ್ಮ' ಅಂತಾರೆ. ಆ ಭಾರಾನೇ ಅವರನ್ನ ಹಿಡ್ಕೊಂಡಿದೆ ಅಂತ ಅವರಿಗೆ ಗೊತ್ತಿರಲ್ಲ."

ಅವರ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಕ್ಲಾಸಿನ ಹಾಳೆ ಹದಿನಾಲ್ಕು ತಿಂಗಳಿಂದ ಮುಗಿದಿಲ್ಲ. ಬರೆದದ್ದು, ಹೊಡೆದುಹಾಕಿದ್ದು, ಮತ್ತೆ ಬರೆದದ್ದು ಸೇರಿ ಅರವತ್ತೊಂದು ಪ್ರತಿ. ಅದು ಬಾಗಿಲ ಬಳಿಯ ಬೆಂಚಿನಲ್ಲಿ, ಊರುಗೋಲನ್ನು ಗೋಡೆಗೆ ಒರಗಿಸಿ, ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿರುವವರಿಗೆ ಸೇರಿದ ಕ್ಲಾಸು. ಅವರು ಟೀಚರಮ್ಮನ ಅಕ್ಕ.

ಅಕ್ಕನಿಗೆ ಅರವತ್ತೊಂದು. ತಂಗಿಗಿಂತ ಹದಿಮೂರು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು. ಅಲ್ಲಿಂದ ನಲವತ್ತು ವರ್ಷ ಅಕ್ಕ ಹೊಲಿಗೆ ಯಂತ್ರ ತುಳಿದರು. ತಂಗಿಯ ಶಾಲೆಯ ಸಮವಸ್ತ್ರದಿಂದ ಹಿಡಿದು ಈ ವಿದ್ಯೆ ಕಲಿಯುವ ಖರ್ಚಿನವರೆಗೆ ಎಲ್ಲವೂ ಆ ಬಲಗಾಲಿನ ತುಳಿತದಿಂದಲೇ ಬಂತು. ಬಗ್ಗಿ ಬಗ್ಗಿ ಬೆನ್ನು ಬಿಲ್ಲಾದಾಗ ತಂಗಿ ಕೈಹಿಡಿದು ಇಲ್ಲಿಗೆ ಕರೆತಂದರು. ಮೂರು ತಿಂಗಳು ಹೊಸಬರ ಕ್ಲಾಸು. ಆಮೇಲೊಂದು ಶನಿವಾರ ಬಡ್ತಿ. ಕಿಟಕಿಯಿಂದ ಮೂರನೆಯ ಮಂಚ.

ಇಪ್ಪತ್ತೇಳನೇ ನಿಮಿಷ. ನೀಲಿ ಸ್ಪ್ರಿಂಗ್ ಒಂದರಲ್ಲೇ ಮಾಡುವ ಕೈಯ ವ್ಯಾಯಾಮ ಮುಗಿದಿತ್ತು. ಎಲ್ಲರೂ ಕೆಳಗಿಳಿದಿದ್ದರು. ಮುಂದಿನದಕ್ಕೆ ಕೆಂಪು ಬೇಕು: ಒಂದು ಕಾಲು ನೆಲದ ಮೇಲೆ, ಇನ್ನೊಂದು ಹಲಗೆಯ ಮೇಲೆ. ಟೀಚರಮ್ಮ "ನೀಲಿ ತೆಗೀರಿ" ಎಂದರು. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ಯಾರೋ ಮಂಚದ ತುದಿಯ ಕಂಬಿಯನ್ನು ಮಣಿಕಟ್ಟು ಮುರಿಯುವಂತೆ ಹಿಡಿದದ್ದು ಕಂಡು ಅತ್ತ ತಿರುಗಿದರು. "ಕೆಂಪು ಹಾಕಿ" ಎಂಬ ಮಾತು ಬಾಯಲ್ಲೇ ಉಳಿಯಿತು. ಮನೆಯಲ್ಲಿ ತಂಗಿಯ ಒಂದು ಮಾತನ್ನೂ ಕೇಳದ ಅಕ್ಕ ಈ ಕೋಣೆಯಲ್ಲಿ ಮಾತ್ರ ಒಂದನೇ ತರಗತಿಯ ಹುಡುಗಿ. ಹೇಳಿದಷ್ಟು ಮಾಡಿದರು. ನೀಲಿ ತೆಗೆದರು. ಒಂದೂ ಸ್ಪ್ರಿಂಗ್ ಇಲ್ಲದ ಹಲಗೆಯ ಮೇಲೆ ಕಾಲಿಟ್ಟರು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ" ಎನ್ನುತ್ತಾರೆ ಟೀಚರಮ್ಮ. "ನಂದು ಆಡದೇ ಇದ್ದ ಮಾತು. ಅದೂ ಹೋಯ್ತು."

ಹಲಗೆ ಜಾರಿ ಬಿದ್ದ ಅಕ್ಕನ ಸೊಂಟದ ಕೀಲು ಮುರಿಯಿತು. ಕೂಡಿಸಿದರು. ಬಲಗಾಲು ಒಂದು ಇಂಚು ಗಿಡ್ಡವಾಗಿಯೇ ಉಳಿಯಿತು. ತುಳಿಯುವ ಶಕ್ತಿ ಮರಳಲಿಲ್ಲ. ಮನೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ್ದಾರೆ. ಅಕ್ಕನಿಗೀಗ ಗುಂಡಿ, ಕಾಜ, ಅಂಚು, ಕೈಯಲ್ಲಾಗುವಷ್ಟೇ ಕೆಲಸ.

ಆಸ್ಪತ್ರೆಯಲ್ಲಿ ಮಂಪರು ಇಳಿದಾಗ ಅಕ್ಕ ಬೈಯಲಿಲ್ಲ, ಅಳಲಿಲ್ಲ. "ಕ್ಲಾಸು ಅರ್ಧಕ್ಕೇ ನಿಂತೋಯ್ತಲ್ಲೇ ಪುಟ್ಟಿ. ಇನ್ನರ್ಧ ಮುಗಿಸಿಕೊಡ್ತೀಯಾ?" ಎಂದರಂತೆ.

"ಹೂಂ ಅಂದ್ಬಿಟ್ಟೆ" ಎನ್ನುತ್ತಾರೆ ಟೀಚರಮ್ಮ.

ವೈದ್ಯರು ಹತ್ತನೇ ತಿಂಗಳಿಗೇ ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟರು. ಅಂದಿನಿಂದ ಅಕ್ಕ ದಿನವೂ ಬಂದು ಬೆಂಚಿನಲ್ಲಿ ಕೂರುತ್ತಾರೆ. ಹಾಳೆ ಮಾತ್ರ ಸಿದ್ಧವಾಗುವುದಿಲ್ಲ. ಒಂಬತ್ತು ಸಲ ಸ್ಪ್ರಿಂಗ್ ಬದಲಿಸುತ್ತಿದ್ದುದು ಆರಾಯಿತು, ನಾಲ್ಕಾಯಿತು. ಮಂಡಿಯೂರುವ ಕಡೆಯೆಲ್ಲ, ಹಲಗೆಯ ಮೇಲಿಟ್ಟ ಪೆಟ್ಟಿಗೆಯಲ್ಲಿ ಕೂರುವ ಸುಲಭದ ಮೆಟ್ಟಿಲು ಬಂತು. ಪ್ರತಿ ಬದಲಾವಣೆಯ ಎದುರೂ ಒಂದೇ ಕ್ರಮ: ಮೊದಲು ಹಾಕಿ, ಆಮೇಲೆ ತೆಗೆಯಿರಿ. ಹೊಸ ಸ್ಪ್ರಿಂಗ್ ಕೊಕ್ಕೆಗೆ ಬೀಳುವವರೆಗೆ ಹಳೆಯದನ್ನು ಮುಟ್ಟುವಂತಿಲ್ಲ. ಈಗ ಐದೂ ಕ್ಲಾಸಿಗೆ ಅದೇ ಕಟ್ಟಳೆ.

ಇದೂ ಸಾಲದೆ, ಟೀಚರಮ್ಮ ಮನೆಯಲ್ಲಿ ಎಡಗಾಲಿಗೆ ಮಾತ್ರ ಒಂದು ಇಂಚು ದಪ್ಪದ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ. ಬಲಗಾಲು ಗಿಡ್ಡವಾದರೆ ಸೊಂಟ ಎಲ್ಲಿ ಎಳೆಯುತ್ತದೆ, ಯಾವ ವ್ಯಾಯಾಮದಲ್ಲಿ ಹೆದರುತ್ತದೆ ಎಂದು ತಿಳಿಯಲು. ಅಡುಗೆ ಮಾಡುವುದೂ ಹಾಗೇ, ಬಟ್ಟೆ ಒಣಗಿಸುವುದೂ ಹಾಗೇ.

"ಕಾಲು ಮುರಿದಿದ್ದು ನಂದು ಕಣಮ್ಮ, ಮನೆ ತುಂಬ ಕುಂಟೋಳು ಅವಳು" ಎಂದು ಅಕ್ಕ ದಾರವನ್ನು ಹಲ್ಲಲ್ಲಿ ಕಡಿಯುತ್ತ ನನಗೆ ಹೇಳುತ್ತಾರೆ. "ಪಾತ್ರೆ ತೊಳೆಯೋವಾಗ ಹಿಂದಿನಿಂದ ನೋಡ್ತೀನಿ. ನೋಡೋಕಾಗಲ್ಲ. ನನಗೇನು ಈ ವಯಸ್ಸಲ್ಲಿ ವ್ಯಾಯಾಮದ ಹುಚ್ಚಾ? ಆ ಕ್ಲಾಸು ಮುಗೀದೆ ಅವಳು ಆ ಚಪ್ಪಲಿ ಬಿಡಲ್ಲ."

ಕ್ಲಾಸಿನಲ್ಲಿ ಒಬ್ಬ ನಿವೃತ್ತ ಅಂಚೆಯಣ್ಣ ಇದ್ದಾರೆ. ಅವರ ಬಾಯಿಗೆ ಬೀಗವಿಲ್ಲ. "ಟೀಚರಮ್ಮ ಹದಿನಾಲ್ಕು ತಿಂಗಳಿಂದ ಮದುವೆ ಊಟದ ಪಟ್ಟಿ ಬರೀತಾನೇ ಇದ್ದಾರೆ. ಮದುವೆ ಯಾವಾಗ?"

"ಗಂಡು ರೆಡಿ ಇದೆಯಪ್ಪಾ, ಊರುಗೋಲು ಹಿಡ್ಕೊಂಡು ಬೆಂಚಲ್ಲೇ ಕೂತಿದೆ" ಎಂದು ಅಕ್ಕ. "ಹೆಣ್ಣು ಒಪ್ತಿಲ್ಲ."

ಎಲ್ಲರೂ ನಗುತ್ತಾರೆ. ಟೀಚರಮ್ಮ ನಗುವುದಿಲ್ಲ. ಸ್ಪ್ರಿಂಗ್ ಎಳೆದು ನೋಡುತ್ತಾರೆ. ಟಕ್.

ಕಳೆದ ಶನಿವಾರ ಅಕ್ಕ ಬೆಂಚಿನಲ್ಲಿ ಕೂರಲಿಲ್ಲ. ಯಾರನ್ನೂ ಕೇಳದೆ ನೇರ ಮೂರನೇ ಮಂಚಕ್ಕೆ ಹೋಗಿ, ಊರುಗೋಲನ್ನು ಪಕ್ಕದಲ್ಲಿ ಮಲಗಿಸಿ, "ಹಾಳೆ ತಗೊಂಡು ಬಾರೇ. ಎಷ್ಟು ಬರೆದಿದ್ಯೋ ಅಷ್ಟೇ ಸಾಕು" ಎಂದರು. ಟೀಚರಮ್ಮ ಬಾಗಿಲ ಕಡೆ ನೋಡಿದರು. ಆಮೇಲೆ ಹೋಗಿ ಹಾಳೆ ತಂದರು.

ಕ್ಲಾಸು ಶುರುವಾಗುತ್ತದೆ. ಮೂರು ಕೆಂಪು ಸ್ಪ್ರಿಂಗ್‌ನಲ್ಲಿ ಮಲಗಿ ಕಾಲು ತಳ್ಳುವುದು. ಅಕ್ಕನ ಎಡಗಾಲು ನೀಳವಾಗಿ ಚಾಚುತ್ತದೆ, ಬಲಗಾಲು ನಡುಗುತ್ತ ಹಿಂದೆ ಉಳಿಯುತ್ತದೆ. ಆ ಹಿಮ್ಮಡಿಯ ಕೆಳಗೆ ಒಂದು ಇಂಚಿನ ದಿಂಬು ಮೊದಲೇ ಕಾದಿದೆ. ಸೊಂಟ ಎತ್ತುವುದು. ಪಟ್ಟಿಗಳನ್ನು ಹಿಡಿದು ಕೈ ಎಳೆಯುವುದು. ಉಳಿದವರು ಮಂಡಿಯೂರಿ, ಅಕ್ಕ ಪೆಟ್ಟಿಗೆಯ ಮೇಲೆ ಕೂತು, ನೀಲಿ ಸ್ಪ್ರಿಂಗ್ ಒಂದರಲ್ಲಿ. ಎಲ್ಲರೂ ಕೆಳಗಿಳಿಯುತ್ತಾರೆ.

ಇಪ್ಪತ್ತೇಳನೇ ನಿಮಿಷ.

ಟೀಚರಮ್ಮ ಬಾಯಿ ತೆರೆಯುತ್ತಾರೆ. ದನಿ ಬರುವುದಿಲ್ಲ. ಎಂಟು ಜನ ಎಂಟು ಮಂಚಗಳ ಪಕ್ಕ ನಿಂತಿದ್ದಾರೆ, ಒಬ್ಬರೂ ಕದಲುವುದಿಲ್ಲ.

ಟಕ್.

"ಕೆಂಪು ಹಾಕಿದೀನಿ" ಎನ್ನುತ್ತಾರೆ ಅಕ್ಕ. "ನೀಲಿ ತೆಗೀಲಾ?"

"ತೆಗಿ ಅಕ್ಕ."

ಉಳಿದ ಏಳು ಟಕ್‌ಗಳು ಒಂದರ ಹಿಂದೊಂದು ಬೀಳುತ್ತವೆ. ಅಕ್ಕ ಎಡಗಾಲನ್ನು ನೆಲಕ್ಕೆ ಊರಿ, ಕಂಬಿ ಹಿಡಿದು, ಬಲಗಾಲನ್ನು ಹಲಗೆಯ ಮೇಲಿಡುತ್ತಾರೆ. ಹಲಗೆ ನಿಲ್ಲುತ್ತದೆ. ನಾಲ್ಕು ಬೆರಳಿನಷ್ಟು ದೂರ ತಳ್ಳುತ್ತಾರೆ, ಆರು ಸಲ. ಹೊಲಿಗೆ ಯಂತ್ರ ತುಳಿದದ್ದು ಅದೇ ಕಾಲು. ಅದಕ್ಕಿಂತ ಹೆಚ್ಚು ಈಗ ಅದಕ್ಕಾಗುವುದಿಲ್ಲ, ಮುಂದೆಯೂ ಆಗುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು. ಬಲಗಾಲಲ್ಲಿ ನಿಂತು ಮಾಡುವ ಇನ್ನೊಂದು ಬದಿ ಅಕ್ಕನಿಗಿಲ್ಲ. ಹಾಳೆಯಲ್ಲಿ ಆ ಜಾಗದಲ್ಲಿ 'ಅಕ್ಕ ಕೂರುತ್ತಾಳೆ' ಎಂದು ಬರೆದಿದೆ. ಅಕ್ಕ ಕೂರುತ್ತಾರೆ. ಮತ್ತೆ ಎದ್ದು ಪಕ್ಕಕ್ಕೆ ಬಾಗುತ್ತಾರೆ, ಕೊನೆಗೆ ಮಲಗಿ ಉಸಿರು ಬಿಡುತ್ತಾರೆ. ನಲವತ್ತೆಂಟನೇ ನಿಮಿಷ. ನಲವತ್ತೊಂಬತ್ತು. ಟೀಚರಮ್ಮನ ಕಣ್ಣಿಂದ ಇಳಿಯುತ್ತಿರುವುದನ್ನು ಎಂಟು ಜನವೂ ಚಾವಣಿ ನೋಡುತ್ತ ನೋಡದವರಂತೆ ಇರುತ್ತಾರೆ.

ಅಕ್ಕ ಇಳಿದು, ಊರುಗೋಲಿನ ಆಸರೆಯಲ್ಲಿ ಮಂಚದ ಕಾಲ್ಬದಿಗೆ ನಡೆಯುತ್ತಾರೆ. ಹಾಳೆಯ ಕೊನೆಯ ಸಾಲು ಬಾಕಿ ಇದೆ: ಮುಂದೆ ಬರುವವರಿಗಾಗಿ ಎಲ್ಲ ಸ್ಪ್ರಿಂಗ್ ಹಾಕಿ. ಬಗ್ಗಲಾರದೆ ಬಗ್ಗಿ, ಒಂದೊಂದನ್ನೇ ಎಳೆದು ಸಿಕ್ಕಿಸುತ್ತಾರೆ. ತಂಗಿ ಸಹಾಯಕ್ಕೆ ಬಂದರೆ ಕೈ ತಳ್ಳುತ್ತಾರೆ.

"ಮುಗೀತಾ?" ಎಂದು ಅಕ್ಕ ಕೇಳುತ್ತಾರೆ.

ಟೀಚರಮ್ಮ ಪೆನ್ನು ತೆಗೆದು, ಕೊನೆಯ ಸಾಲಿನ ಎದುರು ಗುರುತು ಹಾಕುತ್ತಾರೆ.

"ಹೂಂ" ಎನ್ನುತ್ತಾರೆ.