ದಾಸವಾಳದ ಕುಂಡದಲ್ಲಿ ಬೆಳ್ಳಿ

ಪಿಎಚ್‌ಡಿ ಮಾಡುವವರಿಗೆ ಸಮಾಜದಲ್ಲಿ ಮರ್ಯಾದೆ ಇದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಬೆಂಗಳೂರಿನ ಆರ್‌ಪಿಸಿ ಲೇಔಟಿನ ಒಂದು ಟೆರೇಸಿನ ಮೇಲೆ.

ಜ್ಞಾನಭಾರತಿ ಕ್ಯಾಂಪಸ್ಸಿನ ಪ್ರಯೋಗಾಲಯದಲ್ಲಿ ನಾನು ಮೆಕ್ಕೆಜೋಳದ ಪಿಷ್ಟದಿಂದ ಪ್ಲಾಸ್ಟಿಕ್ಕಿನಂಥ ತೆಳು ಹಾಳೆ ಮಾಡುತ್ತಿದ್ದೆ, ಹೆಚ್ಚಿದ ಹಣ್ಣು ಸುತ್ತಿಡುವುದಕ್ಕೆ. ಅದರೊಳಗೆ ಬೆಳ್ಳಿಯ ನ್ಯಾನೋ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಕು. ಕೆಲಸ ಮುಗಿದ ಮೇಲೆ ಹಾಳೆ ಮಣ್ಣಿನಲ್ಲಿ ಕರಗಬೇಕು. ಕರಗಿಸುವವರು ಯಾರು? ಅದೇ ಬ್ಯಾಕ್ಟೀರಿಯಾಗಳು. ಊಟಕ್ಕೆ ಕರೆದು, ವಿಷ ಬಡಿಸಿ, ಎಲೆ ಎತ್ತಿಟ್ಟು ಹೋಗಿ ಎಂದ ಹಾಗೆ. ಇದನ್ನು ಗೈಡ್‌ಗೆ ಹೇಳಿದರೆ ಅವರು, "ಸ್ವಲ್ಪ ಪಾಸಿಟಿವ್ ಆಗಿರಮ್ಮ" ಎಂದರು.

ಕರಗುತ್ತದೋ ಇಲ್ಲವೋ ನೋಡಲು ಹಾಳೆಯ ತುಂಡುಗಳನ್ನು ಮೂರು ತಿಂಗಳು ಹೂತಿಡಬೇಕಿತ್ತು. ಡಿಪಾರ್ಟ್‌ಮೆಂಟಿನ ಹಿಂದೆ ಹೂತಿದ್ದನ್ನು ನಾಯಿಗಳು ಕೆದರಿ ಹಾಕಿದವು. ಆದ್ದರಿಂದ ನಾನು ಬಾಡಿಗೆಗಿದ್ದ ಟೆರೇಸ್ ರೂಮಿನ ಹೊರಗೆ, ಓನರ್ ಆಂಟಿಯ ಹೂಕುಂಡಗಳಲ್ಲಿ ಹೂತೆ. ಬೆಳ್ಳಿ ಇರುವ ಆರು, ಇಲ್ಲದ ಆರು. ಒಂದೊಂದನ್ನೂ ಸೊಳ್ಳೆಪರದೆಯ ಚೂರಿನಲ್ಲಿ ಗಂಟು ಕಟ್ಟಿ, ನಂಬರ್ ಬರೆದ ಚೀಟಿ ಸಿಕ್ಕಿಸಿದ್ದೆ. ದಾರ ಕೆಂಪು. ಬೀದಿ ಕೊನೆಯಲ್ಲಿ ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಅದೊಂದೇ ಬಣ್ಣ ಇತ್ತು. ಆಂಟಿಯನ್ನು ಒಂದು ಮಾತು ಕೇಳಲಿಲ್ಲ. ವಿಜ್ಞಾನಕ್ಕೆ ಯಾರ ಅಪ್ಪಣೆ ಬೇಕು ಎಂಬ ಧಿಮಾಕು.

ಎರಡೂವರೆ ತಿಂಗಳಾದಾಗ ಆಂಟಿ ಕುಂಡಗಳ ಮಣ್ಣು ಬದಲಾಯಿಸಲು ಹೊರಟರು. ನಾನು ಮೆಟ್ರೋ ಇಳಿದು ಮನೆಗೆ ಬರುವಷ್ಟರಲ್ಲಿ ಟೆರೇಸಿನಲ್ಲಿ ಪಂಚಾಯಿತಿ ಕೂಡಿತ್ತು. ಆಂಟಿ ಅಡುಗೆಮನೆಯ ಇಕ್ಕಳದಿಂದ ಕೆಂಪು ದಾರದ ಗಂಟುಗಳನ್ನು ಎತ್ತಿ ಹಳೇ ಪೇಪರ್ ಮೇಲೆ ಇಡುತ್ತಿದ್ದರು. ಮೊದಲ ಮಹಡಿಯಲ್ಲಿರುವ ಅವರ ವಾರಗಿತ್ತಿ ಬಟ್ಟೆ ತಂತಿ ಹಿಡಿದುಕೊಂಡು ನಿಂತಿದ್ದರು.

"ನನ್ ಮನೇಲಿದ್ಕೊಂಡು ನಂಗೇ ಮಾಟ ಮಾಡಿಸ್ತೀಯಾ? ನಾಳೆನೇ ಖಾಲಿ ಮಾಡು. ನಿನ್ ಗಂಡಂಗೆ ನಾನೇ ಹೇಳ್ತೀನಿ" ಎಂದು ಆಂಟಿ ಅವರತ್ತ ಇಕ್ಕಳ ಚಾಚಿದರು.

ವಾರಗಿತ್ತಿ ಅಳುತ್ತಿದ್ದರು. ಅವರ ಇಬ್ಬರು ಮಕ್ಕಳಿಗೆ ಆಗ ಪರೀಕ್ಷೆ ನಡೆಯುತ್ತಿತ್ತು. ಅದು ಗೊತ್ತಿದ್ದೂ ನಾನು ಮೆಟ್ಟಿಲ ಬಾಗಿಲಲ್ಲಿ ಕಲ್ಲಿನಂತೆ ನಿಂತೆ. ಈ ಬಾಡಿಗೆಗೆ ವಿಜಯನಗರದ ಸುತ್ತಮುತ್ತ ಬೇರೆ ರೂಮ್ ಸಿಗುವುದಿಲ್ಲ ಎಂಬುದೇ ತಲೆಯಲ್ಲಿ ಓಡುತ್ತಿತ್ತು. ಅಷ್ಟು ಹೊತ್ತು ಸುಮ್ಮನಿದ್ದೆನಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

"ಆಂಟಿ, ಅವ್ರದ್ದಲ್ಲ. ಹನ್ನೆರಡೂ ನಂದು. ಕಾಲೇಜಿನ ಕೆಲಸ. ಒಳಗಡೆ ಬೆಳ್ಳಿ ಇದೆ."

"ಬೆಳ್ಳಿನಾ?" ಇಕ್ಕಳ ಕೆಳಗಿಳಿಯಿತು.

"ನ್ಯಾನೋ ಬೆಳ್ಳಿ. ಕಣ್ಣಿಗೆ ಕಾಣಲ್ಲ."

"ಕಾಣ್ದೇ ಇರೋ ಬೆಳ್ಳಿ ಇಟ್ಕೊಂಡು ಏನ್ ಮಾಡ್ತೀಯಮ್ಮ?"

ನಂಬಿಸಲು ಗಂಟುಗಳನ್ನು ಬಿಚ್ಚಿ ತೋರಿಸಿದೆ. ಬೆಳ್ಳಿ ಇಲ್ಲದ ಆರರಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಬೆಳ್ಳಿಯ ಆರು ತುಂಡುಗಳು ಹೂತ ದಿನ ಹೇಗಿದ್ದವೋ ಹಾಗೇ ಇದ್ದವು.

"ಇದೂ ಕರಗ್ಬೇಕಿತ್ತಾ?"

"ಹೂಂ."

ಆಂಟಿ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟು ಹೋಗಿ ಕನಿಕರ ಬಂದಿತ್ತು. ಸಿಟ್ಟೇ ವಾಸಿಯಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಅವರು ಪೇಪರ್ ಕಡೆ ಬಗ್ಗಿದರು.

"ಹನ್ನೆರಡು ಅಂದೆ. ಇಲ್ಲಿ ಹದಿಮೂರಿದೆ."

ಹದಿಮೂರನೆಯದು ದಾಸವಾಳದ ಕುಂಡದ ತಳದಿಂದ ಬಂದದ್ದು. ಅರೆಬರೆ ಕೊಳೆತ ಹಳದಿ ಬಟ್ಟೆಯ ಗಂಟು, ಅದೇ ಅಂಗಡಿಯ ಕೆಂಪು ದಾರ. ಒಳಗೆ ಒಣಗಿ ಕಪ್ಪಾದ ನಿಂಬೆಹಣ್ಣು, ಒಂದು ತುಕ್ಕು ಹಿಡಿದ ಮೊಳೆ. ವಾರಗಿತ್ತಿಯ ಅಳು ಥಟ್ಟನೆ ನಿಂತಿತು. ಅವರ ಮುಖ ನೋಡಿದೆ. ಆ ಗಂಟು ಯಾರದ್ದು, ಅದು ಬಯಲಾದರೆ ಮನೆ ಬಿಡಬೇಕಾದವರು ಯಾರು ಎಂದು ಗೊತ್ತಾಯಿತು.

"ಅದೂ ನಂದೇ ಆಂಟಿ. ಅದು ಕಂಟ್ರೋಲ್."

"ನಿಂಬೆಹಣ್ಣಾ?"

"ನಿಂಬೆಹಣ್ಣು, ಬಟ್ಟೆ ಎರಡೂ ಮಣ್ಣಲ್ಲಿ ಕರಗತ್ತಲ್ಲ. ಹೋಲಿಸಿ ನೋಡೋಕೆ."

"ಮತ್ತೆ ಮೊಳೆ?"

"ತೂಕಕ್ಕೆ."

ಐದು ವರ್ಷದ ಸಂಶೋಧನೆಯಲ್ಲಿ ನಾನು ಇಷ್ಟು ಸಲೀಸಾಗಿ ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಆಂಟಿ ಇಕ್ಕಳದಿಂದ ಮೊಳೆಯನ್ನು ಎತ್ತಿ ತಿರುಗಿಸಿ ನೋಡಿ, "ಇನ್ನೊಂದ್ಸಲ ಕುಂಡ ಮುಟ್ಟಿದ್ರೆ ನೀನೇ ಖಾಲಿ ಮಾಡ್ಬೇಕಾಗತ್ತೆ" ಎಂದು ಕೆಳಗಿಳಿದು ಹೋದರು. ಆ ರಾತ್ರಿ ಗೈಡ್‌ಗೆ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದೆ: ಬೆಳ್ಳಿ ಇರುವುದು ಕರಗಲಿಲ್ಲ, ಪ್ರಬಂಧದ ಶೀರ್ಷಿಕೆ ಬದಲಾಯಿಸಬೇಕು. ಅವರು ಒಂದು ವಾರ ಮಾತು ಬಿಟ್ಟರು.

ಪಂಚಾಯಿತಿಯ ಮರುದಿನ ಬೆಳಿಗ್ಗೆ ಮೊದಲ ಮಹಡಿಯ ಬಾಗಿಲಲ್ಲಿ ವಾರಗಿತ್ತಿ ಕಾಯುತ್ತಿದ್ದರು. ಕೈಯಲ್ಲಿ ಒಂದು ಡಬ್ಬಿ ಚಿತ್ರಾನ್ನ. ಅದನ್ನು ನನ್ನ ಕೈಗಿಟ್ಟು ದನಿ ತಗ್ಗಿಸಿದರು.

"ನಿಂದು ಫೇಲಾಯ್ತಾಮ್ಮ?"

"ಆಯ್ತು ಆಂಟಿ. ನಿಮ್ದು?"

"ಕೆಟ್ಟದ್ದಕ್ಕೆ ಇಟ್ಟಿದ್ದಲ್ಲ ಕಣಮ್ಮ. ಅಕ್ಕನ ಬಾಯಿ ಸ್ವಲ್ಪ ಕಮ್ಮಿ ಆಗ್ಲಿ ಅಂತ ಅಷ್ಟೇ."

ಕೆಳಗೆ ಗೇಟಿನ ಹತ್ತಿರ ಓನರ್ ಆಂಟಿ ವಾಟರ್ ಕ್ಯಾನ್ ತಂದವನ ಜನ್ಮ ಜಾಲಾಡುತ್ತಿದ್ದರು. ಇಬ್ಬರೂ ಆಲಿಸಿದೆವು.

"ಕೇಳಿಸ್ತಾ ಇದ್ಯಲ್ಲ" ಎಂದರು ಅವರು.